ರೇಡಿಯೋ ಅಣ್ಣನ ಕತ್ತಿಗೆ ಹೊಸ ಹಿಡಿ

ನನ್ನ ಓರಗಿತ್ತಿಯ ಕೈಗೆ ಯಾರಾದರೂ ಕೈ ಕೊಟ್ಟರೆ ಅದು ಅಷ್ಟು ಬೇಗ ವಾಪಸು ಬರುವುದಿಲ್ಲ. ಹೊಸಬರ ಪರಿಚಯವಾದಾಗ ಬೇರೆಯವರು ಮುಖ ನೋಡುತ್ತಾರೆ. ಇವರು ಕೈ ನೋಡುತ್ತಾರೆ. ಹೆಬ್ಬೆರಳ ಬುಡ ಒತ್ತಿ, ಕಿರುಬೆರಳು ಎಷ್ಟು ಬಾಗುತ್ತದೆ ಎಂದು ಪರೀಕ್ಷಿಸಿ, ಅಂಗೈಯನ್ನು ಬೆಳಕಿಗೆ ತಿರುಗಿಸಿ, ಆಮೇಲೆ ಬಿಡುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕೈಯನ್ನೂ ಹೀಗೇ ಹಿಡಿದುಕೊಂಡರು. ಭವಿಷ್ಯ ಹೇಳುತ್ತಾರೇನೋ ಎಂದು ಕಾದು ನಿಂತೆ. "ಬೆರಳು ಉದ್ದ ಇದೆ, ಆದ್ರೆ ನಡುಗೆಣ್ಣು ಸಡಿಲ. ಭಾರದ ಸೌಟು ತಗೋಬೇಡ," ಎಂದರು. ಅಷ್ಟೇ ಭವಿಷ್ಯ. ಅದು ನಿಜವೂ ಆಯಿತು.

ನಾನು ಅವರನ್ನು ಅಕ್ಕ ಎನ್ನುತ್ತೇನೆ. ನಮ್ಮ ಬೀದಿಗೂ ಅವರು ಅಕ್ಕನೇ. ಅವರ ಕೆಲಸ ಕ್ಷೌರದ ಕತ್ತಿಗೆ ಹಿಡಿ ಮಾಡುವುದು.

ಅಕ್ಕ ಹುಟ್ಟಿದ್ದು ಬಾಚಣಿಗೆ ಮಾಡುವವರ ಮನೆಯಲ್ಲಿ. ಕೊಂಬನ್ನು ಕುದಿಸಿ, ಮೆತ್ತಗಾದಾಗ ಸೀಳಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡುವುದನ್ನು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಕಲಿತಿದ್ದರು. ಮದುವೆಯಾಗಿ ಬಂದ ಮನೆಯ ಹಿಂದಿನ ಕೋಣೆಯಲ್ಲಿ ಮಾವ ಕತ್ತಿಯ ಹಿಡಿ ಮಾಡುತ್ತಿದ್ದರು. ಮಾವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು, ಅಂದರೆ ಅಕ್ಕನ ಗಂಡ, ಬಸ್ಸು ಓಡಿಸಲು ಹೋದರು. ಚಿಕ್ಕವರು, ನಮ್ಮನೆಯವರು, ಅಂಚೆ ಕಚೇರಿ ಸೇರಿದರು. ಒಂದು ದಿನ ಕೊಂಬಿನ ಹಲಗೆ ಬಿರುಕು ಬಿಟ್ಟಿತೆಂದು ಮಾವ ತಮ್ಮಷ್ಟಕ್ಕೇ ಬೈದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ಸೊಸೆ, "ಇನ್ನೂ ಸ್ವಲ್ಪ ಕುದೀಬೇಕಿತ್ತು ಮಾವ," ಎಂದರಂತೆ. "ಹಾಗಾದ್ರೆ ನೀನೇ ಕುದಿಸು ನೋಡೋಣ," ಎಂದರಂತೆ ಮಾವ. ಸೊಸೆ ಕುದಿಸಿದರು. ಕೊಂಬು ಬೆಣ್ಣೆಯಂತೆ ಬಾಗಿತು. ಮಾರನೆಯ ದಿನ ಮಾವ ಕೊಂಬು ಉಜ್ಜುವ ಅರವನ್ನು ಸೊಸೆಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು. ಮಾವ ತೀರಿಕೊಂಡು ಈಗ ಹನ್ನೆರಡು ವರ್ಷ. ಆ ಅರ ಹಾಗೇ ಇದೆ, ಅದರ ಹಿಡಿಯನ್ನು ಮಾತ್ರ ಅಕ್ಕ ಮೂರು ಸಲ ಬದಲಾಯಿಸಿದ್ದಾರೆ. ಯಾವ ಹಿಡಿಯೂ ಅವರಿಗೆ ಪೂರ್ತಿ ಸರಿ ಅನ್ನಿಸುವುದಿಲ್ಲ.

ಮಡಚುವ ಕತ್ತಿಯನ್ನು ಹತ್ತಿರದಿಂದ ನೋಡದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅಲಗಿಗೆ ಒಂದು ಕಡೆ ದಪ್ಪನೆಯ ಬೆನ್ನು, ಇನ್ನೊಂದು ಕಡೆ ಕೂದಲು ಕತ್ತರಿಸುವ ಬಾಯಿ, ಕೊನೆಗೆ ಬೆರಳಿಡಲು ಒಂದು ಬಾಲ. ಹಿಡಿ ಎಂದರೆ ಎರಡು ತೆಳು ಹಲಗೆಗಳು. ಮುಂದಿನ ಮೊಳೆಯ ಮೇಲೆ ಅಲಗು ತಿರುಗುತ್ತದೆ. ಹಿಂದೆ ಹಲಗೆಗಳು ಒಂದಕ್ಕೊಂದು ಅಂಟದಂತೆ ನಡುವೆ ಸಣ್ಣ ಬೆಣೆ. ಪ್ರತಿ ಗಿರಾಕಿಗೂ ಮೊದಲು ಕತ್ತಿಯನ್ನು ತೊಗಲು ಪಟ್ಟಿಯ ಮೇಲೆ ಎಳೆಯಬೇಕು. ಬೆನ್ನು ಮುಂದಾಗಿ ಹೋಗಬೇಕು, ತುದಿಯಲ್ಲಿ ಬೆನ್ನಿನ ಮೇಲೇ ಮಗುಚಬೇಕು, ಮತ್ತೆ ಬೆನ್ನು ಮುಂದಾಗಿ ಬರಬೇಕು. ಮಗುಚುವಾಗ ಬಾಯಿ ಮೊದಲು ತಗುಲಿದರೆ ತೊಗಲೂ ಹೋಯಿತು, ಬಾಯಿಯೂ ಹೋಯಿತು. ಆಮೇಲೆ ಅದು ಗಡ್ಡ ಬೋಳಿಸುವುದಿಲ್ಲ, ಕೀಳುತ್ತದೆ.

ಇನ್ನು ರೇಡಿಯೋ ಅಣ್ಣನ ವಿಷಯ. ಮುಂದಿನ ಬೀದಿಯಲ್ಲಿ ಮೂರು ಕುರ್ಚಿಯ ಕ್ಷೌರದಂಗಡಿ ಇದೆ. ಅದರ ಯಜಮಾನರು ರೇಡಿಯೋ ಅಣ್ಣನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಕಿಟಕಿ ಪಕ್ಕದ ಕುರ್ಚಿ ಮೂವತ್ತು ವರ್ಷದಿಂದ ರೇಡಿಯೋ ಅಣ್ಣನದು. ಬಾಯಿ ಬಿಟ್ಟರೆ ನಿಲ್ಲಿಸುವವರಿಲ್ಲ, ಅದಕ್ಕೆ ಆ ಹೆಸರು. ಗಿರಾಕಿ ಬಾಯಿಗೆಲ್ಲ ನೊರೆ ಮೆತ್ತಿಸಿಕೊಂಡು ಕೂತಿರುವುದರಿಂದ ಎದುರು ಮಾತಾಡುವಂತಿಲ್ಲ, ಬೆಕ್ಕಿಗೆ ಹಾಲಿನ ಪಾತ್ರೆಯನ್ನೇ ಒಪ್ಪಿಸಿದ ಹಾಗೆ. ಮಳೆ, ಮಂತ್ರಿ, ಮೊಣಕಾಲು ನೋವು, ಯಾವುದಾದರೂ ಆದೀತು.

ಅಂಥವರು ಒಂದು ಸೋಮವಾರ, ಅಂಗಡಿಗೆ ರಜೆ ಇದ್ದ ದಿನ, ಅಕ್ಕನ ಕೆಲಸದ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು ಒಂದೂ ಮಾತಾಡಲಿಲ್ಲ. ನಾನು ಮೂಲೆಯಲ್ಲಿ ಒಂದು ಹಿಡಿಗೆ ಉಪ್ಪುಕಾಗದ ಉಜ್ಜುತ್ತಿದ್ದೆ. ಮನೆಗೆಲಸ ಮುಗಿದ ಮೇಲೆ ಅಕ್ಕನಿಗೆ ಅಷ್ಟು ಸಹಾಯ ಮಾಡುವುದು ನನ್ನ ರೂಢಿ.

"ಏನಣ್ಣ, ರೇಡಿಯೋಗೆ ಬ್ಯಾಟರಿ ಮುಗೀತಾ?" ಎಂದರು ಅಕ್ಕ.

ಅವರು ನಗಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಕತ್ತಿಯನ್ನು ಬಿಚ್ಚಿ ಬೆಂಚಿನ ಮೇಲಿಟ್ಟರು. "ಇದಕ್ಕೆ ಬೇರೆ ಹಿಡಿ ಬೇಕು."

"ಇದು ನಾನೇ ಮಾಡಿದ್ದಲ್ವಾ? ಏನಾಯ್ತು ಇದಕ್ಕೆ?"

"ಇದಕ್ಕೇನೂ ಆಗಿಲ್ಲ ಅಕ್ಕ. ಇದಕ್ಕಾಗಿದೆ," ಎಂದು ಬಲಗೈ ಹೆಬ್ಬೆರಳು ಎತ್ತಿ ತೋರಿಸಿದರು.

ಹೆಬ್ಬೆರಳ ಬುಡದ ಗಂಟು ಸವೆದಿದೆಯಂತೆ. ನಡುಕವಿಲ್ಲ, ಬಲ ಕಡಿಮೆಯಾಗಿಲ್ಲ, ಆದರೆ ಬಾಗುವುದಿಲ್ಲ, ಇನ್ನು ಮೇಲೆ ಹೀಗೇ ಎಂದು ಡಾಕ್ಟರು ಹೇಳಿದ್ದರು. ಅದನ್ನಾದರೂ ಸಹಿಸಿಕೊಂಡಿದ್ದರು. ಹಿಂದಿನ ಶನಿವಾರ ನಡೆದದ್ದನ್ನು ಸಹಿಸಲು ಆಗಿರಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಕುರ್ಚಿಗೇ ಬರುತ್ತಿದ್ದ ಒಬ್ಬ ಮೇಷ್ಟರು ಒಂದು ಕೆನ್ನೆ ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಕೆನ್ನೆಯ ನೊರೆಯ ಸಮೇತ ಎದ್ದು, ಏನೂ ಅನ್ನದೆ ಪಕ್ಕದ ಕುರ್ಚಿಗೆ ಹೋಗಿ ಕೂತರಂತೆ.

"ಬೈದಿದ್ರೆ ಚೆನ್ನಾಗಿತ್ತು," ಎಂದರು ರೇಡಿಯೋ ಅಣ್ಣ.

"ನಿಮ್ಮ ಷಡ್ಡಕರು ಏನಂದ್ರು?"

"ಭಾವನೂ ಬೈಲಿಲ್ಲ. 'ಇನ್ನೆರಡು ವಾರ ನೋಡೋಣ, ಆಗದಿದ್ರೆ ಬೇಜಾರು ಮಾಡ್ಕೋಬೇಡ, ಟವೆಲ್ಲು ನೋಡ್ಕೋ, ಬಂದವರನ್ನ ಕೂರಿಸು, ಕಿಟಕಿ ಕುರ್ಚಿಗೆ ಬೇರೆಯವರನ್ನ ಕರೀತೀನಿ' ಅಂದ್ರು. ಪ್ರೀತಿಯಿಂದ್ಲೇ ಅಂದ್ರು. ಮೂವತ್ತು ವರ್ಷ ಕತ್ತಿ ಹಿಡಿದವನು ಟವೆಲ್ಲು ಮಡಚ್ಕೊಂಡು ಬಾಗಿಲಲ್ಲಿ ನಿಲ್ಲಲಾ?"

"ಬಿಸಾಡೋ ಬ್ಲೇಡು ಹಾಕ್ಕೊಂಡು ಮಾಡೋಕಾಗಲ್ವಾ?" ಎಂದು ನಾನು ಕೇಳಿದೆ.

"ನಮ್ಮಂಗಡಿ ಬೋರ್ಡು ಓದಿದೀಯೇನಮ್ಮ? 'ಇಲ್ಲಿ ಪಟ್ಟಿಗೆ ಎಳೆದ ಕತ್ತಿಯಿಂದ ಮಾತ್ರ ಕ್ಷೌರ.' ಬ್ಲೇಡು ಬೇಕಾದವರು ಮನೇಲೇ ಕೆರ್ಕೋತಾರೆ."

ಅಕ್ಕ ಅಷ್ಟರಲ್ಲಿ ಅವರ ಕೈ ಹಿಡಿದುಕೊಂಡಾಗಿತ್ತು. ಗಂಟನ್ನು ಒತ್ತಿದರು, ಬಾಗಿಸಿ ನೋಡಿದರು, ಅವರು ತುಟಿ ಕಚ್ಚಿದಾಗ ಬಿಟ್ಟರು. "ಎಲ್ಲಿ ಕಷ್ಟ ಆಗುತ್ತೆ?"

"ಕತ್ತಿ ಕೈಯಲ್ಲಿ ಹೇಳಿದ ಹಾಗೆ ಕೇಳಲ್ಲ."

"ಹಿಡಿದು ತೋರಿಸಿ."

ಅವರು ಕೆನ್ನೆಗೆ ಹಿಡಿಯುವಂತೆ ಹಿಡಿದು ತೋರಿಸಿದರು. ಅಕ್ಕ ಎದ್ದು, ಕುಳಿತು, ಎಡಕ್ಕೆ ಬಂದು, ಬಲಕ್ಕೆ ಬಂದು ನೋಡಿದರು. "ಮಾಡ್ಕೊಡ್ತೀನಿ. ನಿಮ್ಮ ಕುರ್ಚಿ ಎಲ್ಲೂ ಹೋಗಲ್ಲ," ಎಂದರು. ಅಕ್ಕನ ಬಾಯಲ್ಲಿ ಅಂಥ ಮಾತು ಸುಮ್ಮನೆ ಬರುವುದಲ್ಲ.

ಬಿಸಿನೀರಲ್ಲಿ ಮೇಣ ಮೆತ್ತಗೆ ಮಾಡಿ ಮೊಳೆಯ ಸುತ್ತ ಮೆತ್ತಿ, ಅವರಿಂದ ಹಿಡಿಸಿ, ಬೆರಳುಗಳ ಗುರುತು ತೆಗೆದುಕೊಂಡರು. ಹೆಬ್ಬೆರಳಿಗೆ ಒಂದು ಕಡೆ ತಗ್ಗು, ಎದುರು ಬದಿಯಲ್ಲಿ ಎರಡು ಬೆರಳಿಗೆ ಎರಡು ತಗ್ಗು. ಆ ಗುರುತನ್ನೇ ಕೊಂಬಿನಲ್ಲಿ ಕೆತ್ತಲು ನಾಲ್ಕು ದಿನ ಹಿಡಿಯಿತು. ನಾನು ಇಷ್ಟು ವರ್ಷದಲ್ಲಿ ನೋಡಿದ ಹಿಡಿಗಳಲ್ಲೆಲ್ಲ ಅದು ಚೆಂದದ್ದು. ಜೇನಿನ ಬಣ್ಣ, ಅದರೊಳಗೆ ಹೊಗೆಯಂಥ ಕಪ್ಪು ಗೆರೆಗಳು, ಮುಖ ಕಾಣುವಷ್ಟು ಹೊಳಪು. ರೇಡಿಯೋ ಅಣ್ಣ ಅದನ್ನು ಹಿಡಿದು, "ಅಕ್ಕಾ, ಇದು ನನ್ನ ಕೈಯಲ್ಲೇ ಬೆಳೆದ ಹಾಗಿದೆ!" ಎಂದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಅರ್ಧ ಗಂಟೆ ನಮ್ಮ ಬೀದಿಯ ಚರಂಡಿಯ ಬಗ್ಗೆ ಮಾತಾಡಿದರು.

ಮುಂದಿನ ಸೋಮವಾರ ಮತ್ತೆ ಬಂದರು. ಈ ಸಲ ಕತ್ತಿಯ ಜೊತೆ ಅವರ ತೊಗಲು ಪಟ್ಟಿಯೂ ಇತ್ತು. ಮೂವತ್ತು ವರ್ಷ ಎಳೆದೆಳೆದು ಹುಣಿಸೆ ಬೀಜದ ಹಾಗೆ ಕಪ್ಪಾಗಿ ನುಣುಪಾದ ಪಟ್ಟಿ. ಅದರ ತುದಿಯಲ್ಲಿ ಅಡ್ಡಡ್ಡ ಗೀರುಗಳು. ನಾನು ಎಣಿಸಿದೆ, ಹನ್ನೊಂದು.

"ಮುಂಚೆ ಬರೀ ಹೆಬ್ಬೆರಳು ಕೇಳ್ತಿರ್ಲಿಲ್ಲ," ಎಂದರು. "ಈಗ ಹಿಡೀನೂ ಕೇಳಲ್ಲ. ಕೈಗೆ ಕೋಳ ಹಾಕಿದ ಹಾಗಾಗಿದೆ. ನಿನ್ನೆ ಭಾವ ಒಂದು ಮಾತೂ ಆಡ್ದೆ ನನ್ನ ಗಿರಾಕಿಗಳನ್ನೆಲ್ಲ ತನ್ನ ಕುರ್ಚಿಗೇ ಕರ್ಕೊಂಡ್ರು. ಇನ್ನು ಐದೇ ದಿನ ಅಕ್ಕ."

ಅಕ್ಕ ಪಟ್ಟಿಯ ಮೇಲೆ ಬೆರಳಾಡಿಸಿದರು. ಗೀರುಗಳೆಲ್ಲ ತುದಿಯಲ್ಲೇ ಇದ್ದವು, ನಡುವೆ ಒಂದೂ ಇರಲಿಲ್ಲ. ಎದ್ದು ಆ ಪಟ್ಟಿಯನ್ನು ಕಿಟಕಿ ಸರಳಿಗೆ ಸಿಕ್ಕಿಸಿದರು. "ಇಲ್ಲೇ ಎಳೆದು ತೋರಿಸಿ."

"ಅದು ಮಾತ್ರ ಕೇಳ್ಬೇಡಿ."

"ಯಾಕೆ?"

"ಯಾರಾದ್ರೂ ನೋಡ್ತಿದ್ರೆ ಇನ್ನೂ ಕೆಡುತ್ತೆ. ಅಂಗಡೀಲೂ ಅಷ್ಟೆ. ಈಗೀಗ ಎಲ್ಲರಿಗಿಂತ ಮುಂಚೆ ಹೋಗಿ ಎಳೆದಿಟ್ಕೋತೀನಿ. ಗಿರಾಕಿ ಮುಂದೆ ಸುಮ್ನೆ ಎರಡು ಸಲ ಸವರಿ ನಾಟಕ ಮಾಡ್ತೀನಿ."

"ಸ್ನಾನ ಮಾಡೋದನ್ನ ತೋರಿಸಿ ಅಂದ ಹಾಗೆ ನಾಚ್ಕೋತೀರಲ್ಲ! ಸರಿ, ನಾವು ನೋಡಲ್ಲ. ಗೋಡೆ ಕಡೆ ತಿರುಗಿ ಕೂರ್ತೀವಿ. ತಂಗಿ, ನೀನೂ ತಿರುಗು."

ಇಬ್ಬರೂ ಗೋಡೆ ನೋಡುತ್ತ ಕೂತೆವು. ಹಿಂದಿನಿಂದ ತೊಗಲ ಮೇಲೆ ಕತ್ತಿ ಹರಿದ ಸದ್ದು. ಸರ್‍ ಎಂದು ಹೋಗುತ್ತಿತ್ತು, ತುದಿಯಲ್ಲಿ ಟಕ್ ಎಂದು ನಿಲ್ಲುತ್ತಿತ್ತು, ಮತ್ತೆ ಸರ್‍ ಎಂದು ಬರುತ್ತಿತ್ತು. ಅಕ್ಕ ಕಣ್ಣು ಮುಚ್ಚಿದ್ದರು. ಪ್ರಾರ್ಥನೆಗೆ ಕೂತಾಗ ನಾನು ಅಷ್ಟು ಚೆನ್ನಾಗಿ ಕೇಳಿಸಿಕೊಂಡರೆ ದೇವರಿಗೂ ನನ್ನ ಮೇಲೆ ಸಂತೋಷವಾದೀತು ಎಂದುಕೊಂಡೆ.

"ಸಾಕು," ಎಂದರು. "ಹೋಗುವಾಗ ನಿಮ್ಮ ಕೈ ಚೆನ್ನಾಗೇ ಇದೆ. ಬರುವಾಗಲೂ ಚೆನ್ನಾಗಿದೆ. ತುದೀಲಿ ಮಗುಚುವಾಗ ಬೆನ್ನು ತೊಗಲು ಬಿಟ್ಟು ಮೇಲೇಳ್ತಿದೆ. ಆಮೇಲೆ ಬೀಳ್ತಿದೆ, ಬಾಯಿ ಮೊದಲು."

"ನೋಡ್ದೆ ಹೇಗೆ ಹೇಳ್ತೀರಿ?"

"ಟಕ್ ಅನ್ನಬಾರ್ದು. ಸದ್ದು ಕಡೀದೆ ತಿರುಗ್ಬೇಕು. ನಿಮ್ಮದು ಪ್ರತಿ ಸಲ ಕಡೀತಿದೆ."

ರೇಡಿಯೋ ಅಣ್ಣ ಉಸಿರು ಬಿಟ್ಟರು. "ಸರಿ, ಈ ಕಡೆ ತಿರುಗಿ. ಕೇಳಿಸ್ಕೊಂಡಾದ ಮೇಲೆ ನೋಡೋಕೇನು!"

ನೋಡಿದಾಗ ಎಲ್ಲ ತಿಳಿಯಿತು. ಪಟ್ಟಿಯ ತುದಿಯಲ್ಲಿ ಕತ್ತಿ ಎರಡು ಬೆರಳ ನಡುವೆ ಪೆನ್ಸಿಲ್ಲಿನ ಹಾಗೆ ಉರುಳಬೇಕು. ಬಾಗದ ಹೆಬ್ಬೆರಳಿಗೆ ಮೊಳೆಯ ಹತ್ತಿರ ಆ ತೆಳು ಕತ್ತಿಯನ್ನು ಉರುಳಿಸಲು ಆಗುತ್ತಿರಲಿಲ್ಲ. ಆದ್ದರಿಂದ ಅವರು ಬೆರಳಿನ ಬದಲು ಮಣಿಕಟ್ಟನ್ನೇ ತಿರುಗಿಸುತ್ತಿದ್ದರು. ಹಳೆಯ ಹಿಡಿಯಲ್ಲಿ ಇದು ಹೇಗೋ ಅರೆಬರೆ ನಡೆಯುತ್ತಿತ್ತು. ಅಕ್ಕನ ಹೊಸ ಹಿಡಿಯ ತಗ್ಗುಗಳಲ್ಲಿ ಬೆರಳುಗಳು ಎತ್ತು ಕೊಟ್ಟಿಗೆ ಸೇರಿದಂತೆ ಸೇರಿ ಕೂತುಬಿಡುತ್ತಿದ್ದವು. ಅವನ್ನು ಎಬ್ಬಿಸಿ ತಿರುಗಿಸುವಷ್ಟರಲ್ಲಿ ಅಲಗು ಮೇಲೆದ್ದಿರುತ್ತಿತ್ತು.

"ತಪ್ಪು ನನ್ನದು," ಎಂದರು ಅಕ್ಕ, ಚಹಾಕ್ಕೆ ಸಕ್ಕರೆ ಹೆಚ್ಚಾಯಿತು ಎನ್ನುವಷ್ಟೇ ಸಹಜವಾಗಿ. "ಹಿಡಿದು ತೋರಿಸಿ ಅಂತ ಕೇಳ್ದೆ. ತಿರುಗಿಸಿ ತೋರಿಸಿ ಅಂತ ಕೇಳ್ಲೇ ಇಲ್ಲ. ನಮ್ಮ ಮಾವನೂ ಕೇಳ್ತಿರ್ಲಿಲ್ಲ, ನಾನೂ ಕೇಳ್ಲಿಲ್ಲ. ಕತ್ತಿ ಕೆನ್ನೆ ಮೇಲೆ ನಿಲ್ಬೇಕು, ನಿಜ. ಆದ್ರೆ ಅದಕ್ಕಿಂತ ಮುಂಚೆ ಪಟ್ಟಿ ಮೇಲೆ ಉರುಳ್ಬೇಕು. ನಾನು ನಿಲ್ಲೋದಕ್ಕೆ ಮಾತ್ರ ಮಾಡಿದೀನಿ."

ಹೀಗೆನ್ನುತ್ತಲೇ ಮೊಳೆಯ ತಲೆಯನ್ನು ಅರದಿಂದ ಸವೆಸಿ, ಹಿಡಿಯನ್ನು ಬಿಚ್ಚಿ, ಚೂರುಪಾರಿನ ಡಬ್ಬಿಗೆ ಎಸೆದರು.

"ಅಯ್ಯಯ್ಯೋ, ಎಷ್ಟು ಚೆಂದ ಇತ್ತು!" ಎಂದರು ರೇಡಿಯೋ ಅಣ್ಣ.

"ಚೆಂದ ಇಟ್ಕೊಂಡು ಏನ್ ಮಾಡ್ತೀರಿ, ಗೋಡೆಗೆ ಬೋಳಿಸ್ತೀರಾ? ಬನ್ನಿ ಅಡುಗೆಮನೆಗೆ."

ಅಡುಗೆಮನೆಯಲ್ಲಿ ಅಕ್ಕ ಅವರ ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟರು. ಪೆನ್ಸಿಲು, ನೂಲಿನ ರೀಲು, ಮೇಣದಬತ್ತಿ, ಕ್ಯಾರೆಟ್ಟು, ಸೌಟಿನ ಕಾವು. ಪ್ರತಿಯೊಂದನ್ನೂ ಹೆಬ್ಬೆರಳು ಬಾಗಿಸದೆ ಎರಡು ಬೆರಳ ನಡುವೆ ಅರ್ಧ ಸುತ್ತು ತಿರುಗಿಸಬೇಕು. ಪೆನ್ಸಿಲು ತೀರಾ ಸಣ್ಣದಾಯಿತು, ಬೆರಳು ಅದನ್ನು ಹುಡುಕಬೇಕಾಯಿತು. ರೀಲು ದಪ್ಪವಾಯಿತು. ಕ್ಯಾರೆಟ್ಟಿನ ಒಂದು ಕಡೆ ಪರವಾಗಿಲ್ಲ ಎಂದರು, ಅದನ್ನು ಕಚ್ಚಿ ತಿಂದೂ ಬಿಟ್ಟರು. "ಮಾದರಿ ತಿಂದ್ಬಿಟ್ರಲ್ರೀ!" ಎಂದು ಅಕ್ಕ ಗದರಿದರು. ಕೊನೆಗೆ ನನ್ನ ಲಟ್ಟಣಿಗೆ ಸಿಕ್ಕಿತು. ಅದರ ಒಂದು ತುದಿಯ ಹಿಡಿ ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾಗಿತ್ತು. ಅದನ್ನು ಹಿಡಿದ ಕೂಡಲೇ ರೇಡಿಯೋ ಅಣ್ಣನ ಬೆರಳು ತಾನಾಗೇ ಆಡಿತು. ಹೆಬ್ಬೆರಳು ನೆಟ್ಟಗೇ ಇತ್ತು, ಅದರ ಮೆತ್ತನೆಯ ಭಾಗ ಮಾತ್ರ ಹಿಂದೆ ಮುಂದೆ ಜಾರಿತು. ಲಟ್ಟಣಿಗೆ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ಸಲೀಸಾಗಿ ಉರುಳಿತು.

"ಇದು," ಎಂದರು ಅಕ್ಕ. ಮರುಕ್ಷಣ ಗರಗಸ ತಂದು ನನ್ನ ಲಟ್ಟಣಿಗೆಯ ಆ ಕಿವಿಯನ್ನು ಕೊಯ್ದುಕೊಂಡು ಹೋದರು. ಕೇಳಲೂ ಇಲ್ಲ. ಆಮೇಲೆ ಒಂದು ತಿಂಗಳು ಒಂಟಿ ಕಿವಿಯ ಲಟ್ಟಣಿಗೆಯಲ್ಲೇ ಲಟ್ಟಿಸಿದೆ.

ಮೊದಲು ಮರದಲ್ಲಿ ಮಾಡಿ ನೋಡಿದರು. ಹೊರಗಿನಿಂದ ಉಬ್ಬಾಗಿರಬೇಕು, ಒಳಗೆ ಅಲಗು ಮಲಗಲು ಜಾಗವಿರಬೇಕು. ಆದ್ದರಿಂದ ಮೊಳೆಯ ಹತ್ತಿರ ಹಲಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮರ ಆ ತೆಳು ಜಾಗದಲ್ಲಿ ಸೀಳಿತು. ಹಾಗಾಗಿ ಮತ್ತೆ ಕೊಂಬು. ಈ ಸಲ ತವರುಮನೆಯ ವಿದ್ಯೆ ಕೆಲಸಕ್ಕೆ ಬಂತು. ಹಲಗೆಯನ್ನು ಕುದಿಸಿ, ಲಟ್ಟಣಿಗೆಯ ತುಂಡಿನ ಮೇಲೆ ಬಾಗಿಸಿ, ದಾರ ಸುತ್ತಿ, ತಣ್ಣಗಾಗುವವರೆಗೂ ವೈಸಿನ ಕಬ್ಬಿಣದ ದವಡೆಗಳ ನಡುವೆ ಬಿಗಿದಿಟ್ಟರು. ಕೆತ್ತಿದರೆ ಕೊಂಬಿನ ಎಳೆ ಕಡಿಯುತ್ತದೆ, ಬಾಗಿಸಿದರೆ ಉಳಿಯುತ್ತದೆ.

ಎರಡನೆಯ ಬದಲಾವಣೆ ಹಿಂದಿನ ಬೆಣೆಯಲ್ಲಿ. ಮಾವನ ಕಾಲದಿಂದ ಅಲ್ಲಿ ಸೀಸದ ಬೆಣೆ ಹಾಕುವುದು ಪದ್ಧತಿ, ತೂಕಕ್ಕೆ. ಅಕ್ಕ ಕತ್ತಿಯನ್ನು ಪೂರ್ತಿ ತೆರೆದು, ಮೊಳೆಯ ಕೆಳಗೆ ಒಂದೇ ಬೆರಳಿಟ್ಟು ನೋಡಿದರು. ಹಿಡಿಯ ಹಿಂಭಾಗ ಕೆಳಗೆ ಜಗ್ಗಿತು. ಪ್ರತಿ ಸಲ ಮಗುಚುವಾಗ ಈ ತೂಕವನ್ನೂ ಹೆಬ್ಬೆರಳೇ ಎತ್ತಬೇಕಾಗಿತ್ತು. ಸೀಸ ತೆಗೆದು ಕೊಂಬಿನ ಬೆಣೆ ಇಟ್ಟರು, ಹಿಂಭಾಗವನ್ನು ಇನ್ನಷ್ಟು ತೆಳ್ಳಗೆ ಮಾಡಿದರು. ಈಗ ಕತ್ತಿ ಬೆರಳ ಮೇಲೆ ತಕ್ಕಡಿಯ ದಂಡದಂತೆ ಅಲುಗದೆ ನಿಂತಿತು.

ಹೊಳಪು ಕೊಡುವ ಕೆಲಸ ನನ್ನದು. ಬಟ್ಟೆ ಎತ್ತಿಕೊಂಡಾಗ ಅಕ್ಕ ತಡೆದರು. "ಮೊಳೆ ಹತ್ತಿರ ಬೇಡ. ಉಪ್ಪುಕಾಗದದಲ್ಲಿ ನಿಲ್ಲಿಸು. ಸೋಪಿನ ಕೈಗೆ ಹೊಳಪು ಅಂದ್ರೆ ಜಾರುಬಂಡೆ." ಸಂಜೆ ಬಸ್ಸು ಬಿಟ್ಟು ಬಂದ ಅಕ್ಕನ ಗಂಡ ಅದನ್ನು ನೋಡಿ, "ಏನೇ ಇದು, ಅರ್ಧಕ್ಕೇ ಕೈ ಬಿಟ್ಟಿದೀಯ? ಅಪ್ಪ ನೋಡಿದ್ರೆ ಅಷ್ಟೇ ಕಥೆ," ಎಂದರು.

"ನಿಮ್ಮ ಬಸ್ಸಿನ ಚಕ್ರಕ್ಕೆ ಎಣ್ಣೆ ಸವರಿ ಹೊಳಪು ಮಾಡ್ಕೊಡ್ಲಾ? ಓಡಿಸ್ತೀರಾ?" ಎಂದರು ಅಕ್ಕ. ಅವರು ಕೈಕಾಲು ತೊಳೆಯಲು ಹೋದರು.

ಕೊನೆಗೆ ಮೊಳೆ ಕೂರಿಸುವುದು. ಹಿತ್ತಾಳೆ ಮೊಳೆಯ ಎರಡೂ ತುದಿಗೆ ತೆಳು ಬಿಲ್ಲೆ ಹಾಕಿ, ಗುಬ್ಬಿ ಕೊಕ್ಕಿನಿಂದ ಕುಟುಕಿದ ಹಾಗೆ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಕಡಿಮೆಯಾದರೆ ಅಲಗು ಸಡಿಲಾಗಿ ಅಲ್ಲಾಡುತ್ತದೆ. ಒಂದು ಏಟು ಹೆಚ್ಚಾದರೆ ಕೊಂಬು ಬಿರಿಯುತ್ತದೆ, ಎಲ್ಲ ಮೊದಲಿಂದ. ಗುರುವಾರ ಬೆಳಿಗ್ಗೆ ಅಕ್ಕ ತಟ್ಟಲು ಕೂತಾಗ ಇನ್ನೊಂದು ಹಿಡಿ ಮಾಡುವಷ್ಟು ದಿನ ಉಳಿದಿರಲಿಲ್ಲ. ನಾನು ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ. ಅವರ ಕೈಯನ್ನು ಕಾಯಪ್ಪ, ನಮ್ಮ ಮೇಲಿನ ಕರುಣೆಯಿಂದಲ್ಲದಿದ್ದರೂ ಕೆಲಸದ ಮೇಲಿನ ಪ್ರೀತಿಯಿಂದ, ಎಂದು ಬೇಡಿಕೊಂಡೆ. ಅಕ್ಕ ಪ್ರತಿ ಏಟಿಗೂ ಅಲಗನ್ನು ತೆರೆದು ಮುಚ್ಚಿ ನೋಡುತ್ತಿದ್ದರು. ಬಿಟ್ಟ ಜಾಗದಲ್ಲಿ ಅಲಗು ನಿಂತಾಗ ಸುತ್ತಿಗೆ ಕೆಳಗಿಟ್ಟರು. ಕೊಂಬು ಬಿರಿಯಲಿಲ್ಲ.

ಆ ದಿನ ಅಂಗಡಿ ಮುಚ್ಚಿದ ಮೇಲೂ ಮಾರನೆಯ ದಿನ ತೆರೆಯುವ ಮುಂಚೆಯೂ ರೇಡಿಯೋ ಅಣ್ಣ ನಮ್ಮ ಕಿಟಕಿ ಸರಳಿಗೆ ಹೊಸ ಪಟ್ಟಿ ಕಟ್ಟಿ ಎಳೆದರು. ಮೊದಲ ಹತ್ತು ಸಲ ಹಳೆಯ ಅಭ್ಯಾಸಕ್ಕೆ ಮಣಿಕಟ್ಟು ತಿರುಗಿತು. ಅಕ್ಕ ಮರದ ಅಳತೆಪಟ್ಟಿಯನ್ನು ಅವರ ಮುಂಗೈಗೆ ಕಟ್ಟಿಬಿಟ್ಟರು. "ಈಗ ತಿರುಗ್ಲಿ ನೋಡೋಣ ಮಣಿಕಟ್ಟು." ಅದು ತಿರುಗಲಾರದೆ ಬೆರಳುಗಳೇ ಕೆಲಸ ಮಾಡಬೇಕಾಯಿತು. ಶುಕ್ರವಾರ ಅಳತೆಪಟ್ಟಿ ಬಿಚ್ಚಿದ ಮೇಲೆ ನಾವು ಮತ್ತೆ ಗೋಡೆ ಕಡೆ ತಿರುಗಿ ಕೂತು ಕೇಳಿದೆವು. ಟಕ್ ಇರಲಿಲ್ಲ. ಸೀರೆ ಮಡಿಸುವಾಗಿನ ಸದ್ದಿನಂತೆ ಒಂದೇ ಸಮನೆ ಹೋಗಿ ಬರುತ್ತಿತ್ತು.

"ನಾಳೆ ಕುರ್ಚಿಗೆ ಹೋಗಿ," ಎಂದರು ಅಕ್ಕ. "ಎಲ್ಲರ ಮುಂದೇ ಎಳೀರಿ. ನಾನೂ ಬರ್ತೀನಿ, ನನ್ನ ಹಿಡಿ ಕೆಲಸ ಮಾಡೋದನ್ನ ನಾನು ನೋಡ್ಬೇಕು."

ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೋಗಿ ಕಾಯುವವರ ಬೆಂಚಿನ ಮೇಲೆ ಕೂತೆವು. ಆಗಲೇ ಐದಾರು ಜನರಿದ್ದರು. ಎರಡು ಕುರ್ಚಿಗಳಲ್ಲಿ ಕ್ಷೌರ ನಡೆಯುತ್ತಿತ್ತು. ಕಿಟಕಿ ಪಕ್ಕದ್ದು ಖಾಲಿ. ಯಾರೂ ಅತ್ತ ಹೋಗಲಿಲ್ಲ. ಪಕ್ಕದಲ್ಲಿ ಕೂತಿದ್ದ ದಪ್ಪ ಮನುಷ್ಯ ಅಕ್ಕನನ್ನು ನೋಡಿ, "ನಿಮ್ಮ ಸರದಿ ಯಾವಾಗ ಬರುತ್ತಮ್ಮ?" ಎಂದು ಕಿಸಕ್ಕನೆ ನಕ್ಕರು.

"ನಿಮ್ಮ ಹಿಂದೆ. ಮೀಸೆ ಚೂಪು ಮಾಡಿಸ್ಬೇಕು," ಎಂದರು ಅಕ್ಕ. ಆತ ಪತ್ರಿಕೆ ಎತ್ತಿಕೊಂಡರು.

ಯಜಮಾನರು ತಮ್ಮ ಗಿರಾಕಿಯ ಕ್ಷೌರ ಮುಗಿಸಿ ಷಡ್ಡಕನ ಕಡೆ ತಿರುಗಿದರು. ಹೊಸ ಹಿಡಿಯನ್ನು ತೆಗೆದುಕೊಂಡು ಮೇಲೆ ಕೆಳಗೆ ನೋಡಿದರು. "ಏನಯ್ಯ ಇದು, ಗರ್ಭಿಣಿ ಥರ ಇದೆ?"

"ಕೆಲಸ ನೋಡಿ ಭಾವ, ರೂಪ ಆಮೇಲೆ."

ಯಜಮಾನರು ಒಂದು ಗಳಿಗೆ ಯೋಚಿಸಿ, ಟವೆಲ್ಲು ಕುತ್ತಿಗೆಗೆ ಸುತ್ತಿಕೊಂಡು, ತಾವೇ ಕಿಟಕಿ ಕುರ್ಚಿಯಲ್ಲಿ ಕೂತರು. "ಗಿರಾಕಿ ಕೆನ್ನೆ ಮೇಲೆ ಪರೀಕ್ಷೆ ಬೇಡ. ನನ್ನ ಕೆನ್ನೆ ಇದೆ. ಒಂದು ಕಡೆ ಕಿತ್ತರೂ ನಾನು ಏಳ್ತೀನಿ, ಆಮೇಲೆ ನೀನು ವಾದ ಮಾಡ್ಬಾರ್ದು."

"ಇಲ್ಲ, ಮಾಡಲ್ಲ."

ಪಕ್ಕದ ಕುರ್ಚಿಯ ಕತ್ತರಿಯೂ ನಿಂತಿತು. ರೇಡಿಯೋ ಅಣ್ಣ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು ಕತ್ತಿ ಇಟ್ಟರು. ಮೊದಲ ಎಳೆತ ನಿಧಾನ. ತುದಿಯಲ್ಲಿ ಬೆರಳುಗಳ ನಡುವೆ ಹಿಡಿ ಅರ್ಧ ಸುತ್ತು ಉರುಳಿತು, ಬೆನ್ನು ತೊಗಲು ಬಿಡಲಿಲ್ಲ. ಎರಡನೆಯದು, ಮೂರನೆಯದು. ಹತ್ತರ ಹೊತ್ತಿಗೆ ವೇಗ ಬಂತು. ನಾನು ಅವರ ಮುಖ ನೋಡುತ್ತಿದ್ದೆ. ಅಕ್ಕ ಹೆಬ್ಬೆರಳು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕುರ್ಚಿಯಲ್ಲಿದ್ದ ಯಜಮಾನರು ಕಣ್ಣು ಮುಚ್ಚಿ ತಲೆಯನ್ನು ಸ್ವಲ್ಪ ಓರೆ ಮಾಡಿದ್ದರು. ನಲವತ್ತು ವರ್ಷ ಆ ಸದ್ದಿನಲ್ಲೇ ಬದುಕಿದವರು, ಅವರಿಗೂ ಕೇಳುವುದು ಗೊತ್ತಿತ್ತು. ಐವತ್ತು ಎಳೆದು ನಿಲ್ಲಿಸಿದಾಗ ಅವರು ಕಣ್ಣು ತೆರೆಯದೆಯೇ, "ಹೂಂ," ಎಂದರು.

ನೊರೆ ಹಚ್ಚಿದ್ದಾಯಿತು. ಹಿಡಿ ಮೇಲಕ್ಕೆ ಮಡಚಿತು, ಬಾಲದ ಮೇಲೆ ಬೆರಳುಗಳು ಕೂತವು, ಕಿವಿಯ ಕೆಳಗಿಂದ ಕತ್ತಿ ಇಳಿಯಿತು. ಒಣ ಹುಲ್ಲನ್ನು ಕುಡುಗೋಲಿನಿಂದ ಕೊಯ್ದಂಥ ಸಣ್ಣ ಸದ್ದು. ಯಜಮಾನರ ಕಣ್ಣ ಪಕ್ಕದ ಚರ್ಮ ಅಲುಗಲಿಲ್ಲ. ಒಂದು ಕೆನ್ನೆ ಮುಗಿಯಿತು. ಅವರು ಏಳಲಿಲ್ಲ. ಎರಡನೆಯ ಕೆನ್ನೆಗೆ ಮುಂಚೆ ಮತ್ತೆ ಪಟ್ಟಿ, ಮತ್ತೆ ಅದೇ ಹರಿವು. ಅಷ್ಟು ಹೊತ್ತಿಗೆ ಉಳಿದ ಕುರ್ಚಿಯಲ್ಲಿ ಕತ್ತರಿ ಶುರುವಾಗಿತ್ತು, ಜನರು ಗಂಟಲು ಸರಿಮಾಡಿಕೊಂಡು ಪತ್ರಿಕೆ ತೆರೆದರು. ಮೇಲ್ದುಟಿ, ಗದ್ದದ ಕುಳಿ, ಕುತ್ತಿಗೆಯ ಗಂಟು. ಕತ್ತಿ ಎಲ್ಲೂ ಎಡವಲಿಲ್ಲ.

ಯಜಮಾನರು ಎದ್ದು ಕನ್ನಡಿಗೆ ಹತ್ತಿರ ಹೋದರು. ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ, ಗಡ್ಡ ಬೆಳೆಯುವ ದಿಕ್ಕಿಗೆ ವಿರುದ್ಧವಾಗಿ ಸವರಿದರು. ಎಡಕೆನ್ನೆ. ಬಲಕೆನ್ನೆ. ಗದ್ದದ ಕೆಳಗೆ ಬೆರಳು ನಿಂತಿತು. "ಇಲ್ಲೊಂದು ಬಿಟ್ಟಿದೀಯ."

"ಅದು ನಿಮ್ಮ ಮಚ್ಚೆ ಮೇಲಿನ ಕೂದಲು ಭಾವ. ಅದನ್ನ ತೆಗೆದ್ರೆ ನಿಮ್ಮ ಹೆಂಡತಿ ನನ್ನನ್ನ ಮನೆಗೆ ಸೇರ್ಸಲ್ಲ."

ಅಂಗಡಿಯೆಲ್ಲ ನಕ್ಕಿತು. ಯಜಮಾನರು ನಗಲಿಲ್ಲ. ಕತ್ತಿಯನ್ನು ಕೈಗೆ ತೆಗೆದುಕೊಂಡು, ಹಿಡಿಯನ್ನು ಎರಡು ಬೆರಳ ನಡುವೆ ಅತ್ತಿತ್ತ ಉರುಳಿಸಿ, ಅಕ್ಕನ ಕಡೆ ತಿರುಗಿದರು. "ನನಗೂ ಒಂದು ಇಂಥದ್ದು ಮಾಡ್ಕೊಡಿ."

"ನಿಮಗ್ಯಾಕೆ? ನಿಮ್ಮ ಬೆರಳು ಚೆನ್ನಾಗಿ ಬಾಗುತ್ತೆ. ನೀವು ಪಟ್ಟಿನ ಸಡಿಲ ಹಿಡೀತೀರಿ, ಬಂದಾಗ್ಲೇ ನೋಡ್ದೆ. ಮೊದಲು ಅದನ್ನ ಬಿಗಿಯಾಗಿ ಹಿಡೀರಿ," ಎಂದರು ಅಕ್ಕ.

ಯಜಮಾನರು ಕಿಟಕಿ ಕುರ್ಚಿಯ ಮೇಲಿನ ಬಟ್ಟೆಯನ್ನು ತಾವೇ ಕೊಡವಿ, ಬೆನ್ನಿನ ದಿಂಬನ್ನು ಸರಿಮಾಡಿ, ಬೆಂಚಿನ ಕಡೆ ನೋಡಿ ಕೂಗಿದರು. "ಯಾರು ಮುಂದಿನವರು? ಬನ್ನಿ, ಕಿಟಕಿ ಕುರ್ಚಿ ಖಾಲಿ ಇದೆ."

ದಪ್ಪ ಮನುಷ್ಯ ಎದ್ದು ಹೋಗಿ ಕೂತರು. ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದರಿಂದ ನಾವೂ ಬೆಂಚು ಬಿಟ್ಟುಕೊಟ್ಟು ಹೊರಟೆವು. ಅಂಗಡಿ ಮುಚ್ಚುವ ಹೊತ್ತಿಗೆ ಆ ಕುರ್ಚಿಯಲ್ಲಿ ಹದಿನೇಳು ಜನ ಕೂತು ಎದ್ದಿದ್ದರಂತೆ, ಪೂರ್ತಿ ಕ್ಷೌರ ಮಾಡಿಸಿಕೊಂಡೇ.